ಬರ್ಲಿನ್ನಿನಲ್ಲಿ ಆರು ರಾತ್ರಿ: ಹಳೆಯ ಪಟ್ಟಿಯಲ್ಲಿ ಈಗ ಏನು ಉಳಿದಿದೆ?

ಪ್ರಶ್ನೆ: ಶಾಯಿಕೈ

ಇಪ್ಪತ್ತು ವರ್ಷಗಳಿಂದ ಸ್ಕ್ರೀನ್ ಪ್ರಿಂಟಿಂಗ್ ಮಾಡಿಕೊಂಡು ಬಂದವಳು ನಾನು. ಲಗ್ನಪತ್ರಿಕೆ, ಬಟ್ಟೆಚೀಲ, ನಾಟಕದ ಪೋಸ್ಟರ್, ಯಾವುದು ಬಂದರೂ ಬಿಟ್ಟಿಲ್ಲ. ತಂಗಿಯ ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಿಕೊಂಡು ಬರ್ಲಿನ್ನಿನಲ್ಲಿ ಆರು ದಿನ ಒಬ್ಬಳೇ ಇರಬೇಕೆಂದುಕೊಂಡಿದ್ದೇನೆ. ವಯಸ್ಸು 46. ಕುಡಿಯುವ ಅಭ್ಯಾಸವಿಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಕೋಣೆ ಸೇರಿ ಚಿಲಕ ಹಾಕಿಕೊಳ್ಳಲು ಅಷ್ಟು ದೂರ ಹೋಗುವ ಮನಸ್ಸಿಲ್ಲ. ಆ ಊರಿನ ರಾತ್ರಿಯನ್ನು ನೋಡಬೇಕು, ಅಂಗಡಿಗಳಲ್ಲಿ ಕಾಗದ ಮುಟ್ಟಿ ನೋಡಬೇಕು, ಕೈಕೆಲಸ ಮಾಡುವವರ ಜೊತೆ ನಾಲ್ಕು ಮಾತನಾಡಬೇಕು.

ಹತ್ತು ವರ್ಷಗಳ ಹಿಂದೆ ಹೋಗಿಬಂದ ಗೆಳತಿಯೊಬ್ಬಳು ತನ್ನ ಕೈಬರಹದಲ್ಲೇ ಒಂದು ಪಟ್ಟಿ ಕೊಟ್ಟಿದ್ದಾಳೆ. ಒಂದೊಂದನ್ನೇ ಹುಡುಕುತ್ತಾ ಹೋದಂತೆ ಎದೆ ಕುಸಿಯುತ್ತಿದೆ. ನದಿಯ ದಡದ ವಾಟರ್‌ಗೇಟ್ ಎಂಬ ಕುಣಿತದ ಕ್ಲಬ್ 2024ರ ಕೊನೆಯ ರಾತ್ರಿಯೊಂದಿಗೆ ಮುಗಿದಿದೆ. ಹಳೆಯ ಅಂಗಡಿಗಳ ನಾಮಫಲಕದ ಅಕ್ಷರಗಳನ್ನು ಕಸದ ಪಾಲಾಗದಂತೆ ಕೂಡಿಟ್ಟಿದ್ದ ಅಕ್ಷರಗಳ ಮ್ಯೂಸಿಯಂ 2025ರಲ್ಲಿ ಬಾಗಿಲು ಹಾಕಿದೆ. ನಾನು ಎಲ್ಲಕ್ಕಿಂತ ಹೆಚ್ಚು ನೋಡಬೇಕೆಂದಿದ್ದು ಅದನ್ನೇ. ‘ಬರ್ಲಿನ್ ಮುಗಿದ ಕಥೆ, ಇನ್ನೆಲ್ಲಾದರೂ ಹೋಗು’ ಎನ್ನುವವರೂ ಇದ್ದಾರೆ. ಅಲ್ಲಿರುವವರು ಹೇಳಿ, ನಿಜವೇ?

ಉತ್ತರ: ಮೊಳೆಸುತ್ತಿಗೆ

ಬರ್ಲಿನ್ನಿನ ನೊಯ್‌ಕೋಲ್ನ್ ಭಾಗದಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಕಲಾಪ್ರದರ್ಶನಗಳಿಗೆ ಗೋಡೆ ಕಟ್ಟುವುದು, ಚಿತ್ರ ತೂಗುಹಾಕುವುದು, ಮುಗಿದ ಮೇಲೆ ಕಳಚುವುದು ನನ್ನ ಕೆಲಸ. ಅಕ್ಕ, ಆ ಪಟ್ಟಿಯನ್ನು ಎಸೆಯಬೇಡಿ. ಮುಚ್ಚಿದ್ದಕ್ಕೆ ಗೀಟು ಹಾಕಿ ಜೊತೆಯಲ್ಲೇ ತನ್ನಿ. ಗೀಟು ಬಿದ್ದ ವಿಳಾಸಗಳ ಮುಂದೆ ನಿಂತು ನೋಡಿದರೂ ಈ ಊರು ಅರ್ಥವಾಗುತ್ತದೆ.

ಇಲ್ಲಿನ ರಾತ್ರಿ ಹುಟ್ಟಿದ್ದೇ ಖಾಲಿ ಜಾಗದಲ್ಲಿ. ಊರನ್ನು ಪೂರ್ವ, ಪಶ್ಚಿಮವೆಂದು ಸೀಳಿದ್ದ ಬರ್ಲಿನ್ ಗೋಡೆ 1989ರ ನವೆಂಬರ್ 9ರಂದು ಬಿದ್ದ ಮೇಲೆ ಪೂರ್ವ ಭಾಗದಲ್ಲಿ ಯಾರ ಒಡೆತನವೆಂದೇ ತಿಳಿಯದ ಕಟ್ಟಡಗಳು ಸಾಲುಸಾಲಾಗಿ ಉಳಿದವು. ಬಾಡಿಗೆ ಕೇಳುವವರಿಲ್ಲ, ತಡೆಯುವವರೂ ಇಲ್ಲ. 1991ರಲ್ಲಿ ಟ್ರೆಸೋರ್ ಕ್ಲಬ್ ಶುರುವಾದದ್ದು ವೆರ್ಟ್‌ಹೈಮ್ ಎಂಬ ಹಳೆಯ ಮಳಿಗೆಯ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ. ಜರ್ಮನ್ ಭಾಷೆಯಲ್ಲಿ ಟ್ರೆಸೋರ್ ಎಂದರೆ ತಿಜೋರಿಯೇ. 2005ರಲ್ಲಿ ಆ ಜಾಗ ಮಾರಾಟವಾಗಿ ಕ್ಲಬ್ ಮುಚ್ಚಿತು. 2007ರಲ್ಲಿ ಕೋಪೆನಿಕರ್ ಬೀದಿಯ ಹಳೆಯ ವಿದ್ಯುತ್ ಸ್ಥಾವರದಲ್ಲಿ ಮತ್ತೆ ತೆರೆಯಿತು, ತಿಜೋರಿ ಕೋಣೆಯ ತುಕ್ಕು ಹಿಡಿದ ಪೆಟ್ಟಿಗೆಗಳನ್ನೂ ಜೊತೆಗೆ ಒಯ್ದರು. ಈಗ ಖಾಲಿ ಜಾಗ ತೀರಿದೆ, ಬಾಡಿಗೆ ಏರಿದೆ. ಕ್ಲಬ್ಬುಗಳು ಸಾಯುತ್ತಿರುವುದಕ್ಕೆ ಇವರ ಭಾಷೆಯಲ್ಲಿ ಒಂದು ಪದವೇ ಇದೆ: ಕ್ಲುಬ್‌ಷ್ಟೆರ್ಬೆನ್. 2024ರ ಮಾರ್ಚ್‌ನಲ್ಲಿ ಬರ್ಲಿನ್ನಿನ ಟೆಕ್ನೋ, ಅಂದರೆ ಈ ಕ್ಲಬ್ಬುಗಳಲ್ಲಿ ಕುಣಿಸುವ ಎಲೆಕ್ಟ್ರಾನಿಕ್ ಸಂಗೀತ, ಜರ್ಮನಿಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ಅದೇ ವರ್ಷದ ಕೊನೆಗೆ ನಿಮ್ಮ ಗೆಳತಿಯ ವಾಟರ್‌ಗೇಟ್ ಹೋಯಿತು. ಆ ವಾರ ನಮ್ಮ ಕಾರ್ಯಾಗಾರದಲ್ಲಿ ಯಾರಿಗೂ ಮಾತು ಬೇಕಿರಲಿಲ್ಲ.

ಹಾಗೆಂದು ಮುಗಿಯಿತು ಎಂದು ನಾನು ಒಪ್ಪುವುದಿಲ್ಲ. ನೀವು ಮೊದಲು ಹೋಗಬೇಕಾದದ್ದು ಕ್ಲಬ್ಬಿಗಲ್ಲ, ಕ್ರೋಯ್ಟ್ಸ್‌ಬೆರ್ಗ್‌ನ ಮಾರಿಯಾನೆನ್‌ಪ್ಲಾಟ್ಸ್‌ಗೆ. ಅಲ್ಲಿ ಬೆಥಾನಿಯನ್ ಎಂಬ ದೊಡ್ಡ ಕಟ್ಟಡವಿದೆ. 1847ರಲ್ಲಿ ಆಸ್ಪತ್ರೆಯಾಗಿ ತೆರೆದದ್ದು, 1970ರಲ್ಲಿ ಆಸ್ಪತ್ರೆ ನಿಂತಿತು, ಈಗ ಕಲಾವಿದರ ತಾಣ. ಅದರೊಳಗೆ ಕಲಾವಿದರ ಸಂಘವೊಂದು ನಡೆಸುವ ಮುದ್ರಣ ಕಾರ್ಯಾಗಾರವಿದೆ. ಕಲ್ಲಚ್ಚು, ಲೋಹದ ತಗಡನ್ನು ಆಮ್ಲದಲ್ಲಿ ಕೊರೆದು ಅಚ್ಚು ತೆಗೆಯುವ ಎಚ್ಚಿಂಗ್, ನಿಮ್ಮ ಸ್ಕ್ರೀನ್ ಪ್ರಿಂಟಿಂಗ್, ಎಲ್ಲವೂ ಒಂದೇ ಸೂರಿನಡಿ. ಅದು ಕೆಲಸದ ಜಾಗ, ಪ್ರವಾಸಿಗರು ಸುಮ್ಮನೆ ನುಗ್ಗುವಂತಿಲ್ಲ. ಈಗಲೇ ಪತ್ರ ಬರೆಯಿರಿ. ನೀವೂ ಮುದ್ರಕಿಯೆಂದು ಹೇಳಿ, ನಿಮ್ಮ ಒಂದೆರಡು ಪೋಸ್ಟರುಗಳ ಚಿತ್ರ ಲಗತ್ತಿಸಿ. ಅಲ್ಲಿಂದ ನಡೆದುಹೋಗುವ ದೂರದಲ್ಲಿ, ಮೋರಿಟ್ಸ್‌ಪ್ಲಾಟ್ಸ್‌ನಲ್ಲಿ, ಮೋಡುಲೋರ್ ಎಂಬ ಕಲಾ ಸಾಮಗ್ರಿಗಳ ಮಳಿಗೆ ಇದೆ. ಕಾಗದದ ವಿಭಾಗ ಒಂದಕ್ಕೇ ಅರ್ಧ ದಿನ ಎತ್ತಿಡಿ. ಸ್ಕಾಲಿಟ್ಸರ್ ಬೀದಿಯ ಒಳ ಅಂಗಳದಲ್ಲಿ ಮೊಟ್ಟೊ ಎಂಬ ಪುಸ್ತಕದಂಗಡಿ. ಕಲಾವಿದರು ತಾವೇ ಅಚ್ಚು ಹಾಕಿ, ಹೊಲಿದು ತಂದಿಟ್ಟ ಪುಸ್ತಿಕೆಗಳು ಅಲ್ಲಿ ಸಿಗುತ್ತವೆ. ನೀವು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರೆ ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಸಂಜೆಗೆ ನನ್ನ ಸಲಹೆ ಇಷ್ಟೇ: ಪ್ರದರ್ಶನ ಉದ್ಘಾಟನೆಗಳಿಗೆ ಹೋಗಿ. ಔಗುಸ್ಟ್ ಬೀದಿ, ಪಾಟ್ಸ್‌ಡಾಮರ್ ಬೀದಿಗಳ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಆರು ಗಂಟೆಯ ಹೊತ್ತಿಗೆ ಆರಂಭ. ಆಹ್ವಾನ ಬೇಡ, ಟಿಕೆಟ್ ಬೇಡ. ಮಧ್ಯಾಹ್ನ ನಾನು ಮೊಳೆ ಹೊಡೆದ ಗೋಡೆಯ ಮುಂದೆ ಸಂಜೆ ಅಪರಿಚಿತರು ವಾದಿಸುತ್ತಾ ನಿಲ್ಲುವುದನ್ನು ನೋಡುವಾಗ ನನಗೆ ಈಗಲೂ ಮೈ ಪುಳಕಗೊಳ್ಳುತ್ತದೆ. ಚಿತ್ರ ಬರೆದವರು ಅಲ್ಲೇ ಇರುತ್ತಾರೆ. ಯಾವ ಶಾಯಿ, ಎಷ್ಟು ಪದರ ಎಂದು ಕೇಳಿದರೆ ಮುಖ ಅರಳುತ್ತದೆ. ಅಲ್ಲಿಂದ ಗುಂಪು ಎತ್ತ ಹೊರಟರೆ ಅತ್ತ ಹೊರಡಿ. ಅವಸರ ಬೇಡ. 1949ರಲ್ಲೇ ಪಶ್ಚಿಮ ಬರ್ಲಿನ್ ಹೋಟೆಲು, ಬಾರುಗಳನ್ನು ಮುಚ್ಚುವ ವೇಳೆಯ ಕಟ್ಟಳೆಯನ್ನು ಕೈಬಿಟ್ಟಿತು, ಹಾಗಾಗಿ ಹತ್ತು ಗಂಟೆಯೆಂದರೆ ಇಲ್ಲಿ ಇನ್ನೂ ಸಂಜೆ.

ಉತ್ತರ: ಕಿಟಕಿಸೀಟು

ಕಳೆದ ವರ್ಷ ನಾನೂ ಒಬ್ಬಳೇ ಹೋಗಿದ್ದೆ. ಶನಿವಾರ ನಡುರಾತ್ರಿ ಹೆಸರುವಾಸಿಯಾದ ಕ್ಲಬ್ಬೊಂದರ ಬಾಗಿಲಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಂತೆ. ಬಾಗಿಲು ಕಾಯುವವನು ಒಮ್ಮೆ ನೋಡಿ ತಲೆಯಾಡಿಸಿದ, ಅಷ್ಟೇ. ಕಾರಣ ಹೇಳುವ ಪದ್ಧತಿಯಿಲ್ಲ. ತುಂಬಾ ನೋವಾಯಿತು, ಬಸ್ಸಿನಲ್ಲಿ ಅತ್ತೆ. ಮರುದಿನ ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಹೇಳಿದಳು: ಶನಿವಾರ ರಾತ್ರಿ ಶುರುವಾದ ಕುಣಿತ ಎಷ್ಟೋ ಕಡೆ ಸೋಮವಾರ ಬೆಳಗಿನವರೆಗೂ ನಡೆಯುತ್ತದೆ, ಚೆನ್ನಾಗಿ ನಿದ್ದೆ ಮಾಡಿ ಭಾನುವಾರ ತಿಂಡಿ ತಿಂದು ಹೋಗು ಎಂದು. ಬೇರೊಂದು ಸಣ್ಣ ಜಾಗಕ್ಕೆ ಹಾಗೆಯೇ ಹೋದೆ. ಮೊಬೈಲಿನ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸಿ ಒಳಗೆ ಬಿಟ್ಟರು. ಯಾರೂ ಫೋಟೋ ತೆಗೆಯುವುದಿಲ್ಲ, ಹಾಗಾಗಿ ಯಾರೂ ಯಾರಿಗಾಗಿಯೂ ಕುಣಿಯುವುದಿಲ್ಲ. ಅರವತ್ತು ದಾಟಿದ ಹೆಂಗಸೊಬ್ಬರು ಕಣ್ಣು ಮುಚ್ಚಿ ಕುಣಿಯುತ್ತಿದ್ದರು. ಅವರ ಪಕ್ಕದಲ್ಲೇ ನಿಂತು ನಾನೂ ಮೂರು ಗಂಟೆ ಕುಣಿದೆ.

ಕುಡಿಯದವರಿಗೆ ಕ್ಲಬ್ ಮಾಟೆ ಎಂಬ ಪಾನೀಯ ಬಹುತೇಕ ಎಲ್ಲ ಕಡೆ ಸಿಗುತ್ತದೆ. ಮದ್ಯವಲ್ಲ, ಆದರೆ ಕಾಫಿಯಂತೆ ನಿದ್ದೆ ಓಡಿಸುತ್ತದೆ. ಕೈಯಲ್ಲಿ ನಗದು ಇಟ್ಟುಕೊಳ್ಳಿ. ಶುಕ್ರವಾರ, ಶನಿವಾರ ರಾತ್ರಿಗಳಲ್ಲಿ ಸುರಂಗ ರೈಲು ಇಡೀ ರಾತ್ರಿ ಓಡುತ್ತದೆ. ಉಳಿದ ದಿನ ರಾತ್ರಿ ಬಸ್ಸು. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಹಾಕಿಸಲು ಮರೆಯಬೇಡಿ, ಇಲ್ಲದಿದ್ದರೆ 60 ಯೂರೋ ದಂಡ.

ಉತ್ತರ: ಹಳೇದಾರಿ

ಮೊಳೆಸುತ್ತಿಗೆಯವರ ಉತ್ಸಾಹ ಕಂಡು ಸಂತೋಷವಾಯಿತು, ಆದರೆ ಪೂರ್ತಿ ಒಪ್ಪಲಾರೆ. ಓರಾನಿಯೆನ್‌ಬುರ್ಗರ್ ಬೀದಿಯ ಟಾಹೆಲೆಸ್ ನೋಡಿ. ಕೆಡವಲು ಗೊತ್ತು ಮಾಡಿದ್ದ ಕಟ್ಟಡವನ್ನು 1990ರಲ್ಲಿ ಕಲಾವಿದರು ಒಳಹೊಕ್ಕು ಉಳಿಸಿದರು. 2012ರಲ್ಲಿ ಅವರನ್ನೇ ಹೊರಗೆ ಹಾಕಲಾಯಿತು. 2023ರಿಂದ ಅಲ್ಲಿ ಛಾಯಾಚಿತ್ರಗಳ ಮ್ಯೂಸಿಯಂ ಇದೆ. ಮೆಟ್ಟಿಲ ಗೋಡೆಯ ಹಳೆಯ ಬರಹಗಳನ್ನು ಹಾಗೆಯೇ ಇಟ್ಟಿದ್ದಾರೆ. ಬರೆದವರಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಅದರ ಮೇಲೆ, 2025ರ ಬಜೆಟ್ಟಿನಲ್ಲಿ ಬರ್ಲಿನ್ ಸರ್ಕಾರ ಸಂಸ್ಕೃತಿಗೆ ಕೊಡುವ ಹಣದಲ್ಲಿ ಸುಮಾರು 13 ಕೋಟಿ ಯೂರೋ ಕಡಿತ ಮಾಡಿತು. ಹೋಗಿಬನ್ನಿ, ಆದರೆ ಇದನ್ನೂ ತಿಳಿದುಕೊಂಡು ಹೋಗಿ.

ಉತ್ತರ: ಮೊಳೆಸುತ್ತಿಗೆ

ಕಡಿತದ ಬಿಸಿ ನನಗೂ ತಟ್ಟಿದೆ. ಕಟ್ಟುವ ಗೋಡೆಗಳು ಕಡಿಮೆಯಾದರೆ ನನ್ನ ಸಂಬಳವೂ ಕಡಿಮೆ. ಆದರೂ ಟೆಂಪೆಲ್‌ಹೋಫ್ ಹೆಸರು ಹೇಳದೆ ಇರಲಾರೆ. 2008ರಲ್ಲಿ ವಿಮಾನ ನಿಲ್ದಾಣ ಮುಚ್ಚಿತು, 2010ರಲ್ಲಿ ಜನರಿಗೆ ಬಿಟ್ಟುಕೊಟ್ಟರು, 2014ರಲ್ಲಿ ಊರಿನವರೇ ಮತ ಹಾಕಿ ಅಲ್ಲಿ ಮನೆ ಕಟ್ಟುವುದನ್ನು ತಡೆದರು. ಮನೆಗಳ ಕೊರತೆಯಿರುವ ಊರಿನಲ್ಲಿ ಅದು ಸರಿಯೇ ಎಂದು ನಮ್ಮಲ್ಲಿ ಇಂದಿಗೂ ಜಗಳವಾಗುತ್ತದೆ. ನಾನು ತಡೆದವರ ಪರ. ಅಕ್ಕ, ಒಂದು ಸಂಜೆ ಆ ರನ್‌ವೇ ಮೇಲೆ ನಡೆಯಿರಿ. ಸೂರ್ಯ ಮುಳುಗಿದ ಮೇಲೆ ಗೇಟು ಹಾಕುತ್ತಾರೆ, ಅಷ್ಟರೊಳಗೆ ಹೋಗಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಮೋಡುಲೋರನ್ನು ಆ ದಿನಕ್ಕೆ ಇಟ್ಟುಕೊಳ್ಳಬೇಡಿ. ಆ ದಿನ ಮೌವರ್‌ಪಾರ್ಕ್‌ನ ಹಳೆ ಸಾಮಾನಿನ ಸಂತೆ. ಗೋಡೆ ಹಾದುಹೋಗಿದ್ದ ಜಾಗವದು. ಹಳೆಯ ಪೋಸ್ಟರ್, ಅಚ್ಚಿನ ಮೊಳೆಗಳು ಕಣ್ಣಿಗೆ ಬೀಳಬಹುದು, ಬೆಳಿಗ್ಗೆ ಬೇಗ ಹೋಗಿ. ಖಾಲಿಯಾದ ಬಿಯರ್ ಬಾಟಲಿಗೆ ಅಂಗಡಿಯಲ್ಲಿ 8 ಸೆಂಟ್ ವಾಪಸು ಕೊಡುತ್ತಾರೆ. ಹಾಗಾಗಿ ಜನ ಅದನ್ನು ಕಸದ ಡಬ್ಬಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ, ಆರಿಸಿಕೊಳ್ಳುವವರಿಗೆ ಸಿಗಲೆಂದು. ನೀವೂ ಹಾಗೆಯೇ ಮಾಡಿ.

ಶಾಯಿಕೈ

ಎಲ್ಲರಿಗೂ ಕೈಮುಗಿದೆ. ನಿನ್ನೆ ರಾತ್ರಿಯೇ ಬೆಥಾನಿಯನ್ ಕಾರ್ಯಾಗಾರಕ್ಕೆ ಪತ್ರ ಬರೆದು, ಮೂರು ಬಣ್ಣದ ಒಂದು ನಾಟಕದ ಪೋಸ್ಟರ್ ಲಗತ್ತಿಸಿದ್ದೇನೆ. ಕಿಟಕಿಸೀಟು ಅವರೇ, ಭಾನುವಾರ ತಿಂಡಿಯ ನಂತರ ಕುಣಿಯುವ ವಿಚಾರವನ್ನು ಮನೆಯಲ್ಲಿ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಮಾತು: ‘ಕಾಲಿಗೆ ಯಾವ ಚಪ್ಪಲಿ ಹಾಕಿಕೊಳ್ಳುತ್ತೀಯ?’

ಮೊಳೆಸುತ್ತಿಗೆಯವರೇ, ಇನ್ನೊಂದು ಪ್ರಶ್ನೆ ಉಳಿದಿದೆ. ಮೋಡುಲೋರ್‌ನಲ್ಲಿ ಕೊಂಡ ದೊಡ್ಡ ಹಾಳೆಗಳನ್ನು ಮಡಿಕೆ ಬೀಳದಂತೆ ವಿಮಾನದಲ್ಲಿ ತರುವುದು ಹೇಗೆ? ಸುರುಳಿ ಸುತ್ತುವ ರಟ್ಟಿನ ಕೊಳವೆ ಅಲ್ಲೇ ಸಿಗುತ್ತದೆಯೇ, ಇಲ್ಲಿಂದಲೇ ತರಲೇ?