ಸಹಾಯ ಬೇಕು: ಮಳೆಗಾಲದಲ್ಲಿ ಮೊಳಕೆ ರಾಗಿ ಒಣಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತುಮಕೂರಿನ ಹತ್ತಿರ ನಾವು ನಾಲ್ವರು ಹೆಂಗಸರು ಸೇರಿ ಮೊಳಕೆ ರಾಗಿ ಹಿಟ್ಟು ಮಾಡುತ್ತೇವೆ. ಊರಿನದೇ ರಾಗಿ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಗಿರಣಿಗೆ ಕೊಡುತ್ತೇವೆ. ಸಕ್ಕರೆ, ಹಾಲಿನ ಪುಡಿ ಏನೂ ಸೇರಿಸುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಕೂಲಿಗೆ ಹೋಗುವ ತಾಯಂದಿರಿಗೂ ಕೈಗೆಟುಕಲಿ ಅಂತ ಬೆಲೆ ಏರಿಸಿಲ್ಲ.

ಮಳೆ ಹಿಡಿದರೆ ಮಾತ್ರ ತುಂಬಾ ಕಷ್ಟ. ಮೊಳಕೆ ಒಣಗದೆ ಹುಳಿ ವಾಸನೆ ಬರುತ್ತದೆ. ಕಳೆದ ವಾರ 15 ಕೆಜಿ ಹಾಳಾಯಿತು. ಮಕ್ಕಳು ಕುಡಿಯುವ ಗಂಜಿ ಅಲ್ವಾ, ಮಾರಲು ಮನಸ್ಸು ಬರಲಿಲ್ಲ.

ಸಣ್ಣ ಡ್ರೈಯರ್ ಬಳಸುತ್ತಿರುವವರು ಇದ್ದೀರಾ? ಕರೆಂಟ್ ಬಿಲ್ ಎಷ್ಟು ಬರುತ್ತದೆ? ಪಿಎಂಎಫ್‌ಎಂಇ (ಸಣ್ಣ ಆಹಾರ ಘಟಕಗಳಿಗೆ ಕೇಂದ್ರ ಸರ್ಕಾರದ ನೆರವಿನ ಯೋಜನೆ) ಸಬ್ಸಿಡಿಯಲ್ಲಿ ತೆಗೆದುಕೊಂಡಿದ್ದರೆ ಯಾವ ಕಾಗದಪತ್ರ ಬೇಕಾಯಿತು ಅಂತ ದಯವಿಟ್ಟು ತಿಳಿಸಿ.