ಪದಚರ್ಚೆ: ‘ಬಿಲ್ಡ್ ಎರರ್’, ‘ರನ್‌ಟೈಮ್ ಎರರ್’ ಎರಡಕ್ಕೂ ‘ದೋಷ’ ಸಾಕೆ?

ಎಲ್ಲರಿಗೂ ನಮಸ್ಕಾರ.

ಡೆಸ್ಕ್‌ಟಾಪ್ ತಂತ್ರಾಂಶಗಳ ಕನ್ನಡ ಅನುವಾದದಲ್ಲಿ ‘ಎರರ್’ ಎಂಬುದಕ್ಕೆ ‘ದೋಷ’ ನೆಲೆಯೂರಿದೆ. ಚಿಕ್ಕ ಪದ, ಎಲ್ಲರಿಗೂ ಗೊತ್ತಿರುವ ಪದ. ಅದನ್ನು ತೆಗೆದುಹಾಕಿ ಎಂದು ನಾನು ಕೇಳುತ್ತಿಲ್ಲ. ಆದರೆ ಊರಿನ ಗ್ರಂಥಾಲಯವೊಂದಕ್ಕಾಗಿ ಪುಸ್ತಕಗಳ ದಾಖಲೆ ಇಡುವ ಆ್ಯಪ್ ತಯಾರಾಗುತ್ತಿದೆ. ಅದರ ಸಹಾಯ ಪುಟಗಳನ್ನೂ ತೆರೆಯ ಮೇಲೆ ಬರುವ ಸಂದೇಶಗಳನ್ನೂ ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಬಳಸುವವರು ‘ದೋಷ ಬರುತ್ತಿದೆ’ ಎಂದು ತಿಳಿಸುತ್ತಾರೆ. ಕೋಡ್ ಬರೆಯುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ತೊಂದರೆ ಹುಡುಕುವವರು ಮೊದಲು ಕೇಳುವುದು ‘ಯಾವ ಹಂತದಲ್ಲಿ ನಿಂತಿತು?’ ಎಂದು. ಆ ಹಂತವನ್ನು ಹೇಳುವ ಕನ್ನಡ ನಮ್ಮಲ್ಲಿದೆಯೇ ಎಂಬುದು ನನ್ನ ಪ್ರಶ್ನೆ.

ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ, ಕಿಟಕಿ-ಗುಂಡಿಗಳನ್ನು ಕಟ್ಟಲು ನೆರವಾಗುವ ಕ್ಯೂಟಿ ಎಂಬ ಸಲಕರಣೆ ಬಳಸಿ ಬರೆದ ಆ್ಯಪ್ ಎಂದುಕೊಳ್ಳಿ. ಮೊದಲು ಒಂದೊಂದು ಕಡತವೂ ಬೇರೆಬೇರೆಯಾಗಿ ಕಂಪೈಲ್ ಆಗುತ್ತದೆ, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ಬದಲಾಗುತ್ತದೆ. ಆಮೇಲೆ ಲಿಂಕರ್ ಎಂಬ ಸಾಧನ ಅವುಗಳನ್ನು ಒಂದುಗೂಡಿಸುತ್ತದೆ. ಈ ಎರಡು ಹಂತಗಳು ಕೋಡ್ ಬರೆಯುವವರ ಗಣಕದಲ್ಲೇ ಮುಗಿಯುತ್ತವೆ. ಮೂರನೆಯದು, ಬಳಸುವವರು ಚಿಹ್ನೆಯ ಮೇಲೆ ಒತ್ತಿದಾಗ ಆ್ಯಪ್ ತನಗೆ ಬೇಕಾದ ಲೈಬ್ರರಿಗಳನ್ನು, ಅಂದರೆ ಸಿದ್ಧ ಕೋಡಿನ ಕಡತಗಳನ್ನು, ಹುಡುಕಿ ತಂದುಕೊಳ್ಳುವ ಹಂತ. ನಾಲ್ಕನೆಯದು ಕಿಟಕಿ ತೆರೆದು ಕೆಲಸ ಸಾಗುವ ಹಂತ. ಮೊದಲೆರಡನ್ನು ‘ಬಿಲ್ಡ್’, ಉಳಿದೆರಡನ್ನು ‘ರನ್‌ಟೈಮ್’ ಎಂದು ಎರಡೇ ಗುಂಪು ಮಾಡಿಬಿಡುವುದರಿಂದ ಮೂರನೆಯ ಹಂತ ಮಾತಿನಲ್ಲಿ ಕಾಣೆಯಾಗುತ್ತದೆ. ಬಳಸುವವರ ದೂರುಗಳಲ್ಲಿ ನಾನು ಹೆಚ್ಚಾಗಿ ನೋಡುತ್ತಿರುವುದು ಅದನ್ನೇ.

‘ಬಿಲ್ಡ್’ ಎಂಬುದನ್ನು ‘ನಿರ್ಮಾಣ’ ಎಂದು ಬದಲಿಸಿರುವುದನ್ನು ಕಂಡಿದ್ದೇನೆ. ಪತ್ರಿಕೆ ಓದುವವರಿಗೆ ‘ನಿರ್ಮಾಣ ದೋಷ’ ಎಂದರೆ ಸೇತುವೆಯ ಬಿರುಕು, ಕಳಪೆ ಕಾಮಗಾರಿ. ಅಲ್ಲಿ ‘ಬಿಲ್ಡ್’ ಎಂದೇ ಇಡುವುದು ಒಳ್ಳೆಯದು. ‘ಬಿಲ್ಡ್ ಮುರಿದಿದೆ’ ಎಂಬ ಅನುವಾದ ಮಾತ್ರ ಸಲ್ಲದು. ಕನ್ನಡದಲ್ಲಿ ಕೋಲು ಮುರಿಯುತ್ತದೆ, ಮಡಕೆ ಒಡೆಯುತ್ತದೆ, ಯಂತ್ರ ಕೆಡುತ್ತದೆ. ‘ಬಿಲ್ಡ್ ಕೆಟ್ಟಿದೆ’ ಅಥವಾ ‘ಬಿಲ್ಡ್ ಆಗುತ್ತಿಲ್ಲ’ ಎಂದರೆ ಯಾರೂ ತಡವರಿಸುವುದಿಲ್ಲ. ಕಂಪೈಲರ್‌ಗೆ ‘ಸಂಕಲಕ’ ಎಂಬ ಪದವಿದೆ. ಆದರೆ ‘ಸಂಕಲನ’ ಈಗಾಗಲೇ ಗಣಿತದ ಕೂಡುವಿಕೆ, ಕವಿತೆಗಳ ಕಟ್ಟು, ಸಿನಿಮಾದ ಎಡಿಟಿಂಗ್ ಮೂರನ್ನೂ ಹೊತ್ತಿದೆ. ನಾಲ್ಕನೆಯ ಹೊರೆ ಬೇಡ.

ಲಿಂಕ್ ಮಾಡುವುದಕ್ಕೆ ಮಾತ್ರ ಕನ್ನಡದ ಪದವೇ ಬೇಕೆನಿಸುತ್ತದೆ. ‘ಕೊಂಡಿ’ ಜಾಲತಾಣದ ವಿಳಾಸಕ್ಕೆ ಹೋಗಿಬಿಟ್ಟಿದೆ. ನಾನು ‘ಬೆಸುಗೆ’ ಬಳಸುತ್ತಿದ್ದೇನೆ. ಕ್ಯೂಟಿ ಕಲಿಯುವವರೆಲ್ಲ ಒಮ್ಮೆಯಾದರೂ ಕಾಣುವ ಸಂದೇಶವೊಂದಿದೆ: ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ವಿಟೇಬಲ್’ (ವಿಟೇಬಲ್ ಎಂದರೆ ಕ್ಲಾಸ್ ಎಂಬ ಕೋಡ್ ಘಟಕದ ಫಂಕ್ಷನ್‌ಗಳ ವಿಳಾಸಪಟ್ಟಿ). ಕ್ಯೂ-ಆಬ್ಜೆಕ್ಟ್ ಎಂಬ ಗುರುತು ಹಾಕಿದ ಕ್ಲಾಸ್ ಇರುವ ಕಡತವನ್ನು ಅದಕ್ಕೆ ಬೇಕಾದ ಉಳಿದ ಕೋಡನ್ನು ಬರೆದುಕೊಡುವ ‘ಮಾಕ್’ ಎಂಬ ಕ್ಯೂಟಿಯ ಸಾಧನ ಸಂಸ್ಕರಿಸದೆ ಬಿಟ್ಟಾಗ ಇದು ಬರುವುದು ಸಾಮಾನ್ಯ. ಕಂಪೈಲರ್ ತಕರಾರು ಮಾಡಿರುವುದಿಲ್ಲ. ಏಕೆಂದರೆ ಹೆಸರನ್ನು ಘೋಷಿಸಿದ್ದರೆ ಅದಕ್ಕೆ ಸಾಕು. ಅದರ ಒಡಲು, ಅಂದರೆ ನಿಜವಾದ ಕೋಡ್, ಎಲ್ಲಿದೆ ಎಂದು ಹುಡುಕುವುದು ಲಿಂಕರ್‌ನ ಪಾಲಿನ ಕೆಲಸ. ‘ಅನಿರ್ದಿಷ್ಟ ಉಲ್ಲೇಖ’ ಎಂಬ ಪದಶಃ ಅನುವಾದ ಓದಿದವರಿಗೆ ಇದು ಹೊಳೆಯುವುದಿಲ್ಲ. ‘ಬೆಸುಗೆಯಲ್ಲಿ ನಿಂತಿದೆ: ಈ ಹೆಸರನ್ನು ಕರೆಯಲಾಗಿದೆ, ಇದರ ಒಡಲು ಸಿಗಲಿಲ್ಲ’ ಎಂದು ಬರೆದರೆ ಎಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ. ಸಂದೇಶ ಉದ್ದವಾಯಿತು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಓದಿದವರಿಗೆ ಅರ್ಥವಾಗುವಷ್ಟು ಉದ್ದ ಇರಲೇಬೇಕು.

ಇನ್ನು ಮೂರನೆಯ ಹಂತ. ವಿಂಡೋಸ್‌ನಲ್ಲಿ ‘ವಿಸಿ ರನ್‌ಟೈಮ್ 140’ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಕಡತ) ಸಿಗಲಿಲ್ಲ ಎಂದು ಪೆಟ್ಟಿಗೆಯೊಂದು ಮೂಡುತ್ತದೆ; ಆ್ಯಪ್‌ನ ಕಿಟಕಿ ತೆರೆಯುವುದೇ ಇಲ್ಲ. ಅದು ಮೈಕ್ರೋಸಾಫ್ಟ್‌ನ ಬಿಲ್ಡ್ ಸಾಧನವಾದ ವಿಷುವಲ್ ಸ್ಟುಡಿಯೋ 2015 ಮತ್ತು ನಂತರದ ಆವೃತ್ತಿಗಳಲ್ಲಿ ಕಟ್ಟಿದ ಆ್ಯಪ್‌ಗಳಿಗೆ ಬೇಕಾದ ಕಡತ. ಕೋಡ್ ಬರೆದವರ ಗಣಕದಲ್ಲಿ ವಿಷುವಲ್ ಸ್ಟುಡಿಯೋದ ಜೊತೆಗೇ ಬಂದಿರುತ್ತದೆ, ಬಳಸುವವರ ಗಣಕದಲ್ಲಿ ಇಲ್ಲದೆ ಹೋಗಬಹುದು. ಲಿನಕ್ಸ್‌ನಲ್ಲಿ ಕ್ಯೂಟಿ 6.5ರಿಂದ ‘ಎಕ್ಸ್‌ಸಿಬಿ ಕರ್ಸರ್’ ಎಂಬ ಲೈಬ್ರರಿ ಇಲ್ಲದಿದ್ದರೆ ಕಿಟಕಿ ಮೂಡಿಸಲು ಕ್ಯೂಟಿ ಸೇರಿಸಿಕೊಳ್ಳುವ ಎಕ್ಸ್‌ಸಿಬಿ ಪ್ಲಗಿನ್ ಎಂಬ ಕಡತ ಏಳುವುದಿಲ್ಲ. ಆ ಲೈಬ್ರರಿಯ ಪ್ಯಾಕೇಜ್ ಹಾಕಿದರೆ ಸರಿಹೋಗುತ್ತದೆ. ಯಾವುದು ಇಲ್ಲ ಎಂದು ತಿಳಿಯಲು ಬೇಕಾದ ಲೈಬ್ರರಿಗಳನ್ನು ಪಟ್ಟಿಮಾಡುವ ‘ಎಲ್‌ಡಿಡಿ’ ಆದೇಶವನ್ನು ಆ ಪ್ಲಗಿನ್ ಕಡತದ ಮೇಲೆ ಓಡಿಸಿ, ‘ನಾಟ್ ಫೌಂಡ್’ ಎಂದಿರುವ ಸಾಲನ್ನು ನೋಡಬೇಕು. ಇವೆಲ್ಲದರಲ್ಲಿ ಕೋಡಿನ ತಪ್ಪೇನೂ ಇಲ್ಲ. ‘ದೋಷ’ ಎಂದೊಡನೆ ಬಳಸುವವರು ಬರೆದವರನ್ನು ದೂರುತ್ತಾರೆ, ಬರೆದವರು ಇಲ್ಲದ ತಪ್ಪನ್ನು ಕೋಡಿನಲ್ಲಿ ಹುಡುಕಲು ಕೂರುತ್ತಾರೆ.

ಇಲ್ಲಿ ನಮ್ಮ ‘ಕುಂದುಕೊರತೆ’ ಎಂಬ ಜೋಡುಪದ ನೆರವಿಗೆ ಬರುತ್ತದೆ ಎಂಬುದು ನನ್ನ ನಂಬಿಕೆ. ಅರ್ಜಿಗಳಲ್ಲಿ ಒಂದೇ ಉಸಿರಿಗೆ ಹೇಳುವ ಅದನ್ನು ಬಿಡಿಸಿದರೆ, ಕೋಡಿನೊಳಗೇ ಇರುವುದು ಕುಂದು, ಅಂದರೆ ‘ಬಗ್’. ಇರಬೇಕಾದದ್ದು ಇಲ್ಲದಿರುವುದು ಕೊರತೆ. ಬರೆಯುವವರ ಕೈಯಲ್ಲಿ ಆದದ್ದು ತಪ್ಪು, ಬಿಟ್ಟುಹೋದದ್ದು ಲೋಪ. ಸೆಮಿಕೋಲನ್ ಬಿಟ್ಟರೆ ಅದು ಲೋಪವೇ. ‘ದೋಷ’ ಇವೆಲ್ಲಕ್ಕೂ ಮೇಲಿನ ಹೆಸರಾಗಿ ಉಳಿಯಲಿ. ‘ಡಿಪೆಂಡೆನ್ಸಿ’ಗೆ, ಅಂದರೆ ಆ್ಯಪ್ ನಡೆಯಲು ಬೇಕಾದ ಬೇರೆ ಕಡತಕ್ಕೆ, ಬಳಕೆಯಲ್ಲಿರುವ ‘ಅವಲಂಬನೆ’ಯೂ ತೊಡಕಿನದೇ: ಕನ್ನಡದಲ್ಲಿ ಅದು ಆತುಕೊಳ್ಳುವ ಕ್ರಿಯೆ, ಆತುಕೊಂಡ ವಸ್ತುವಲ್ಲ. ‘ಅವಲಂಬನೆ ಕಂಡುಬಂದಿಲ್ಲ’ ಎಂದರೆ ಏನು ಕಾಣಲಿಲ್ಲ? ‘ಆಸರೆ ಕಡತ ಸಿಗಲಿಲ್ಲ’ ಎನ್ನೋಣವೇ? ‘ಲೈಬ್ರರಿ’ಯನ್ನು ‘ಗ್ರಂಥಾಲಯ’ ಎಂದು ಬದಲಿಸುವುದಂತೂ ನಮ್ಮ ಆ್ಯಪ್‌ನಲ್ಲಿ ಸಾಧ್ಯವೇ ಇಲ್ಲ. ‘ಗ್ರಂಥಾಲಯ ಸಿಗಲಿಲ್ಲ’ ಎಂಬ ಸಂದೇಶವನ್ನು ಗ್ರಂಥಪಾಲಕರು ಹೇಗೆ ಓದಿಕೊಳ್ಳಬೇಕು?

ಇನ್ನು ನಾಲ್ಕನೆಯ ಹಂತ. ರನ್‌ಟೈಮ್‌ಗೆ ‘ಚಾಲನಾ ಸಮಯ’ ಎಂಬ ಅನುವಾದ ನೋಡಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಸಚಿವರು ಕಾರ್ಯಕ್ರಮಕ್ಕೆ ಚಾಲನೆ ನೀಡುತ್ತಾರೆ, ಅಂದರೆ ಶುರುಮಾಡುತ್ತಾರೆ. ಚಾಲನಾ ಪರವಾನಗಿ ವಾಹನ ಓಡಿಸುವವರದು. ಆದರೆ ಶುರುಮಾಡುವ ಈ ಅರ್ಥವೇ ಮೂರನೆಯ ಹಂತಕ್ಕೆ ಸರಿಹೊಂದುತ್ತದೆ! ‘ಚಾಲನೆಯಲ್ಲೇ ನಿಂತಿತು’ ಎಂದರೆ ಕಿಟಕಿ ತೆರೆಯಲಿಲ್ಲ. ‘ನಡುವೆ ನಿಂತಿತು’ ಎಂದರೆ ತೆರೆದು, ಕೆಲಸ ಮಾಡುತ್ತಿದ್ದು, ನಿಂತುಹೋಯಿತು. ಫೋನಿನಲ್ಲಿ ಸಹಾಯ ಕೇಳುವವರು ಈ ಎರಡರಲ್ಲಿ ಒಂದನ್ನು ಆರಿಸಿ ಹೇಳಿದರೂ ಅರ್ಧ ಹುಡುಕಾಟ ತಪ್ಪುತ್ತದೆ. ‘ಹ್ಯಾಂಗ್’ ಆದದ್ದಕ್ಕೆ ‘ಸ್ತಬ್ಧವಾಗಿದೆ’ ಸರಿ. ‘ಕ್ರ್ಯಾಶ್’ಗೆ ‘ಕುಸಿತ’ ಎನ್ನುವವರಿದ್ದಾರೆ. ಬೆಲೆ, ಷೇರುಪೇಟೆ, ಗುಡ್ಡ ಕುಸಿಯುತ್ತವೆ. ಆ್ಯಪ್ ಥಟ್ಟನೆ ಮುಚ್ಚಿಕೊಳ್ಳುತ್ತದೆ. ‘ತಾನಾಗಿ ಮುಚ್ಚಿಕೊಂಡಿತು’ ಎಂಬುದೇ ನನಗೆ ಹೆಚ್ಚು ನಿಖರ.

ನಡುವೆ ಬರುವ ತೊಡಕಿಗೆ ಕನ್ನಡ ಬಳಸುವವರಿಗೇ ಎದುರಾಗುವ ಉದಾಹರಣೆ ಕೊಡುತ್ತೇನೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ‘ಆ್ಯನ್ಸಿ’ ಕೋಡ್ ಪೇಜ್ (ಅಕ್ಷರಗಳಿಗೆ ಅಂಕಿ ಕೊಡುವ ಹಳೆಯ ಪಟ್ಟಿ) ಇಲ್ಲ; ಯೂನಿಕೋಡ್ ಒಂದೇ ದಾರಿ. ಬಳಸುವವರು ಕಡತಕೋಶಕ್ಕೆ (ಫೋಲ್ಡರ್‌ಗೆ) ‘ಪುಸ್ತಕಗಳು’ ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದು, ಕೋಡ್ ಹಳೆಯ ಬಗೆಯ ಫಂಕ್ಷನ್‌ಗಳಿಂದ ಅದನ್ನು ಓದಲು ಹೊರಟರೆ, ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಕೋಶ ಕಣ್ಣೆದುರಿಗೇ ಇರುತ್ತದೆ, ಆ್ಯಪ್ ‘ಕಡತ ಇಲ್ಲ’ ಎನ್ನುತ್ತದೆ. ಯೂನಿಕೋಡ್ ಫಂಕ್ಷನ್‌ಗಳಿಗೆ ಬದಲಾಯಿಸುವುದು ಸರಿಯಾದ ಪರಿಹಾರ. ವಿಂಡೋಸ್ 10ರ 1903ನೆಯ ಆವೃತ್ತಿಯಿಂದ ಆ್ಯಪ್‌ನ ವಿವರಗಳಿರುವ ಮ್ಯಾನಿಫೆಸ್ಟ್‌ನಲ್ಲಿ ಯುಟಿಎಫ್-8 (ಯೂನಿಕೋಡಿನ ಒಂದು ರೂಪ) ಆರಿಸಿಕೊಳ್ಳಲೂ ಬರುತ್ತದೆ. ನಮ್ಮ ಚರ್ಚೆಗೆ ಬೇಕಾದದ್ದು ಸಂದೇಶದ ಮಾತು. ‘ಇಲ್ಲ’, ‘ಸಿಗಲಿಲ್ಲ’, ‘ತೆರೆಯಲಾಗಲಿಲ್ಲ’ ಮೂರೂ ಬೇರೆಬೇರೆ ಸಂಗತಿಗಳು. ಇಂಗ್ಲಿಷ್ ಸಂದೇಶ ಹಾಗಿದೆಯೆಂದು ‘ಇಲ್ಲ’ ಎಂದು ಬರೆದರೆ ನಾವು ಬಳಸುವವರಿಗೆ ಸುಳ್ಳು ಹೇಳಿದಂತೆ. ‘ಸಿಗಲಿಲ್ಲ’ ಎಂದು ಬರೆದು, ಆ್ಯಪ್ ಹುಡುಕಿದ ಹೆಸರನ್ನು ಇದ್ದ ಹಾಗೆ ತೋರಿಸಬೇಕು. ಪ್ರಶ್ನಾರ್ಥಕ ಚಿಹ್ನೆ ಕಂಡೊಡನೆ ಕಾರಣವೂ ಕಾಣುತ್ತದೆ.

ಅನುವಾದಕರೇ ಎಚ್ಚರ ವಹಿಸಬೇಕಾದ ಇನ್ನೊಂದು ವಿಷಯವಿದೆ. ಗೆಟ್‌ಟೆಕ್ಸ್ಟ್ ಎಂಬ ಅನುವಾದ ಸಲಕರಣೆ ಬಳಸುವ ಸಿ ಭಾಷೆಯ ತಂತ್ರಾಂಶಗಳಲ್ಲಿ ಸಂಖ್ಯೆಗೆ ಪರ್ಸೆಂಟ್-ಡಿ, ಹೆಸರಿಗೆ ಪರ್ಸೆಂಟ್-ಎಸ್ ಎಂಬ ಗುರುತುಗಳಿರುತ್ತವೆ. ‘ಇಷ್ಟು ಪುಸ್ತಕಗಳು ಸಿಕ್ಕಿವೆ, ಇಂಥ ಕೋಶದಲ್ಲಿ’ ಎಂಬುದು ಇಂಗ್ಲಿಷಿನ ಕ್ರಮ. ಕನ್ನಡದಲ್ಲಿ ಕೋಶವೇ ಮೊದಲು ಬರಬೇಕು. ಗುರುತುಗಳ ಜಾಗವನ್ನು ಹಾಗೆಯೇ ಅದಲುಬದಲು ಮಾಡಿದರೆ, ಆ್ಯಪ್ ಸಂಖ್ಯೆಯನ್ನು ಮೆಮೊರಿಯ ವಿಳಾಸವೆಂದು ತಿಳಿದು ಓದಲು ಹೋಗಿ ಮುಚ್ಚಿಕೊಳ್ಳಬಹುದು, ಅದೂ ಕನ್ನಡದಲ್ಲಿ ಬಳಸುವವರಿಗೆ ಮಾತ್ರ. ಪರ್ಸೆಂಟ್ ಚಿಹ್ನೆಯ ಬಳಿಕ ಎಷ್ಟನೆಯದೆಂಬ ಅಂಕಿ, ಡಾಲರ್ ಚಿಹ್ನೆ, ಆಮೇಲೆ ಅಕ್ಷರ ಹಾಕಿದರೆ ಕ್ರಮ ಬದಲಿಸಬಹುದು. ಅನುವಾದದ ಕಡತವನ್ನು ಆ್ಯಪ್ ಓದುವ ರೂಪಕ್ಕೆ ತರುವ ‘ಎಂಎಸ್‌ಜಿಎಫ್‌ಎಂಟಿ’ಯನ್ನು ತಪಾಸಣೆಯ ಆಯ್ಕೆಯೊಂದಿಗೆ ಓಡಿಸಿದರೆ ಅದು ಈ ತಪ್ಪನ್ನು ಬಿಲ್ಡ್ ಹಂತದಲ್ಲೇ ಹಿಡಿಯುತ್ತದೆ, ಓಡಿಸದಿದ್ದರೆ ಅದೇ ತಪ್ಪು ನಾಲ್ಕನೆಯ ಹಂತದಲ್ಲಿ ಬಳಸುವವರ ಮುಂದೆ ಬರುತ್ತದೆ. ಕ್ಯೂಟಿಯಲ್ಲಿ ಪರ್ಸೆಂಟ್-1, ಪರ್ಸೆಂಟ್-2 ಎಂದೇ ಇರುವುದರಿಂದ ನಮ್ಮ ವಾಕ್ಯಕ್ರಮಕ್ಕೆ ತೊಂದರೆಯಿಲ್ಲ.

ಕೇಳಬೇಕಾದದ್ದು ಇಷ್ಟು. ‘ಬೆಸುಗೆ’ ಮತ್ತು ‘ಆಸರೆ ಕಡತ’ ನಿಮ್ಮ ಕಿವಿಗೆ ಒಪ್ಪುತ್ತವೆಯೇ? ‘ಚಾಲನೆಯಲ್ಲೇ ನಿಂತಿತು’ ಎಂಬುದು ಕರಾವಳಿಯಲ್ಲಿ, ಉತ್ತರ ಕರ್ನಾಟಕದಲ್ಲಿ ಇದೇ ಅರ್ಥ ಕೊಡುತ್ತದೆಯೇ, ಅಥವಾ ‘ಓಡುತ್ತಿರುವಾಗ ನಿಂತಿತು’ ಎಂದು ಕೇಳಿಸುತ್ತದೆಯೇ? ಆ್ಯಪ್ ಓಡುವಾಗ ಎದುರಾದ ಅಸಹಜ ಸ್ಥಿತಿಯನ್ನು ಸೂಚಿಸುವ ‘ಎಕ್ಸೆಪ್ಶನ್’ ಎಂಬುದಕ್ಕೆ ‘ವಿನಾಯಿತಿ’ ಎಂದು ಬರೆದಿರುವುದನ್ನು ಕಂಡು ನನಗೆ ಸಂಕಟವಾಯಿತು. ವಿನಾಯಿತಿ ತೆರಿಗೆಯಲ್ಲಿ ಸಿಗುವಂಥದ್ದು. ‘ಅಪವಾದ’ ಎಂದರೆ ಮೈಮೇಲೆ ಹೊರಿಸಿದ ಆರೋಪ ಎಂಬ ಅರ್ಥವೂ ಇದೆ. ಇದಕ್ಕೆ ನಿಮ್ಮಲ್ಲಿ ಯಾರಾದರೂ ಬೇರೆ ಪದ ಬಳಸಿದ್ದರೆ, ಅದನ್ನು ಬಳಸಿದ ಪೂರ್ತಿ ವಾಕ್ಯದ ಜೊತೆಗೆ ಕಳುಹಿಸಿಕೊಡಿ.