ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಹೆರಿಗೆ: ಯಾವ ದುಡ್ಡು ತಗೋಬಹುದು, ಯಾವುದನ್ನು ಮುಟ್ಟಬಾರದು?

ಅರಸೀಕೆರೆ_ತೆಂಗು:

ಎಲ್ಲರಿಗೂ ನಮಸ್ಕಾರ. ನಂದು ಸ್ಕಿಲ್ಡ್ ವರ್ಕರ್ (ಕೆಲಸದ) ವೀಸಾ, ಹೆಂಡತಿಯದು ಅದರ ಮೇಲೆ ಸಿಗೋ ಡಿಪೆಂಡೆಂಟ್ ವೀಸಾ. ಅವಳು ಎರಡು ವರ್ಷದಿಂದ ಇಲ್ಲಿನ ಸೂಪರ್‌ಮಾರ್ಕೆಟ್ ಒಂದರ ಬೇಕರಿಯಲ್ಲಿದ್ದಾಳೆ. ಈಗ 24 ವಾರದ ಬಸುರಿ. ಮೊನ್ನೆ ಮಿಡ್‌ವೈಫ್ ಮ್ಯಾಟ್ ಬಿ1 ಅಂತ, ಬಸುರಿ ಅನ್ನೋದಕ್ಕೆ ಸರ್ಟಿಫಿಕೇಟ್ ಕೊಟ್ಟರು. ಅದನ್ನು ಕೆಲಸದಲ್ಲಿ ಕೊಟ್ಟರೆ ಹೆರಿಗೆ ರಜೆಗೆ ಸಂಬಳ ಬರುತ್ತದಂತೆ.

ನನ್ನ ಆಫೀಸಿನ ಗೆಳೆಯ ಹೆದರಿಸಿಬಿಟ್ಟಿದ್ದಾನೆ. "ನಿಮ್ಮ ವೀಸಾದಲ್ಲಿ ನೋ ಪಬ್ಲಿಕ್ ಫಂಡ್ಸ್, ಅಂದ್ರೆ ಸರ್ಕಾರದ ಸಹಾಯಧನ ತಗೋಬಾರದು ಅಂತಿದೆ. ಸರ್ಕಾರದ ಒಂದು ಪೌಂಡ್ ಮುಟ್ಟಿದ್ರೂ ಮುಂದೆ ಐಎಲ್‌ಆರ್ (ಇಲ್ಲೇ ಕಾಯಂ ಇರೋ ಅನುಮತಿ) ಮರೆತುಬಿಡಿ" ಅಂದ. ಪಕ್ಕದ ಮನೆ ಅಜ್ಜಿ ಪೂರ್ತಿ ಉಲ್ಟಾ. ಮಗು ಹುಟ್ಟಿದ ಕೂಡಲೇ ಚೈಲ್ಡ್ ಬೆನಿಫಿಟ್‌ಗೆ (ಮಗು ಸಾಕೋಕೆ ಸರ್ಕಾರ ಕೊಡೋ ದುಡ್ಡು) ಅರ್ಜಿ ಹಾಕು, ಎಲ್ಲರೂ ತಗೋತಾರೆ ಅಂತಾರೆ.

ಮೂರು ವರ್ಷದ ವೀಸಾಕ್ಕೆ ಹೆಲ್ತ್ ಸರ್‌ಚಾರ್ಜೇ (ಇಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ವೀಸಾ ಜೊತೆ ಕಟ್ಟೋದು) ಇಬ್ಬರಿಗೂ ಸೇರಿ 6,210 ಪೌಂಡ್ ಕಟ್ಟಿದ್ದೇನೆ. ತಲೆಗೆ ವರ್ಷಕ್ಕೆ 1,035. ಅದರ ಮೇಲೆ ಇನ್‌ಕಮ್ ಟ್ಯಾಕ್ಸು, ಪೆನ್ಷನ್ ಮುಂತಾದವಕ್ಕೆ ಸಂಬಳದಲ್ಲಿ ಹಿಡಿಯೋ ನ್ಯಾಷನಲ್ ಇನ್ಶೂರೆನ್ಸು. "ಹಿಡ್ಕೊಳ್ಳೋವಾಗ ಯಾರೂ ವೀಸಾ ಕೇಳಲ್ಲ ಅಲ್ವಾ" ಅಂತಾಳೆ ಹೆಂಡತಿ. ಆ ಸರ್ಟಿಫಿಕೇಟ್ ಒಂದು ವಾರದಿಂದ ಫ್ರಿಜ್ ಮೇಲೆ ಮ್ಯಾಗ್ನೆಟ್‌ಗೆ ಸಿಕ್ಕಿಸಿಕೊಂಡು ಕೂತಿದೆ. ಕೊಡೋದಾ, ಬೇಡವಾ?

ರೀಡಿಂಗ್_ರಾಗಿಮುದ್ದೆ:

ಮೊದಲು ಅದನ್ನು ಫ್ರಿಜ್‌ನಿಂದ ಇಳಿಸಿ, ನಾಳೆಯೇ ಕೊಟ್ಟು ಬರೋಕೆ ಹೇಳಿ. ರಜೆ ಯಾವಾಗಿಂದ ಅಂತ ಹೆರಿಗೆಗೆ 15 ವಾರ ಮುಂಚೆ ತಿಳಿಸಬೇಕು. ನಿಮಗೆ ಉಳಿದಿರೋದು ಒಂದೇ ವಾರ!

ಹೆರಿಗೆ ಸಂಬಳ ಪಬ್ಲಿಕ್ ಫಂಡ್ ಅಲ್ಲ. ಅವರು ದುಡಿದಿದ್ದಕ್ಕೆ ಸಿಗೋದು. ಮೊದಲ 6 ವಾರ ಸರಾಸರಿ ಸಂಬಳದ 90 ಪರ್ಸೆಂಟ್. ಆಮೇಲೆ 33 ವಾರ, 2025-26ರ ದರದಲ್ಲಿ ವಾರಕ್ಕೆ 187.18 ಪೌಂಡ್, ಅಥವಾ 90 ಪರ್ಸೆಂಟ್, ಯಾವುದು ಕಡಿಮೆಯೋ ಅದು. ಔಷಧಿಗೆ ದುಡ್ಡು ಕಟ್ಟದೇ ಇರೋಕೆ ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಇದೆ, ಮಿಡ್‌ವೈಫ್ ಹತ್ತಿರ ಕೇಳಿ ಮಾಡಿಸಿಕೊಳ್ಳಿ. ಹಲ್ಲಿನ ಡಾಕ್ಟರ ಹತ್ತಿರವೂ ನಡೆಯುತ್ತೆ. ಇದಕ್ಕೂ ವೀಸಾಕ್ಕೂ ಸಂಬಂಧ ಇಲ್ಲ.

ಆದರೆ ಚೈಲ್ಡ್ ಬೆನಿಫಿಟ್ ತಂಟೆಗೆ ಹೋಗಬೇಡಿ. ಅದು ಪಬ್ಲಿಕ್ ಫಂಡ್ ಪಟ್ಟಿಯಲ್ಲೇ ಇದೆ. ನೀವು ಎಷ್ಟು ಟ್ಯಾಕ್ಸ್ ಕಟ್ಟಿದ್ದೀರಿ ಅಂತ ಅಲ್ಲಿ ಯಾರೂ ನೋಡಲ್ಲ.

ನಾನು 2019ರಲ್ಲಿ ಇದೇ ಗುಂಡಿಗೆ ಬಿದ್ದವಳು. ಆಸ್ಪತ್ರೆಯಲ್ಲಿ ಡಯಾಪರ್, ಕ್ರೀಮ್ ಇರೋ ಒಂದು ಚೀಲ ಕೊಟ್ಟರು. ಒಳಗೆ ಚೈಲ್ಡ್ ಬೆನಿಫಿಟ್ ಫಾರ್ಮೂ ಇತ್ತು. ಅವರೇ ಕೊಟ್ಟಿದ್ದಾರಲ್ಲ ಅಂತ ರಾತ್ರಿ ಹಾಲು ಕುಡಿಸ್ತಾ ಕೂತು ತುಂಬಿಬಿಟ್ಟೆ. ನಾಲ್ಕು ವಾರಕ್ಕೊಮ್ಮೆ 82.80 ಪೌಂಡ್ ಬಂತು, ಐದು ಸಲ. ವೀಸಾ ಮುಂದುವರಿಸೋವಾಗ ಲಾಯರ್ ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಮೇಲೆ ಪೆನ್ನಿಟ್ಟು, "ಇದೇನು?" ಅಂದರು. ಎದೆ ಧಸಕ್ ಅಂತು. ನಾನೇ ಪತ್ರ ಬರೆದು 414 ಪೌಂಡ್ ವಾಪಸ್ ಕಟ್ಟಿದೆ. ವೀಸಾ ಸಿಕ್ಕಿತು, ಸದ್ಯ. ಲಾಯರ್ ಫೀಸೇ ಅದಕ್ಕಿಂತ ಜಾಸ್ತಿ ಆಯ್ತು ಅನ್ನೋದು ಬೇರೆ ಮಾತು. ನಮ್ಮನೆಯವರು ಇವತ್ತಿಗೂ ಆ ಚೀಲದ ಕಥೆ ಎತ್ತಿ ರೇಗಿಸ್ತಾರೆ.

ಲೆಸ್ಟರ್_ಮಾವ:

ತಮ್ಮಾ, ಮೇಡಂ ಹೇಳಿದ್ದು ಸರಿ. ಅಜ್ಜಿ ಮೇಲೆ ಬೇಜಾರು ಮಾಡ್ಕೋಬೇಡ, ಅವರಿಗೆ ಅವರ ಮಕ್ಕಳ ಅನುಭವ. ತಂದೆ ತಾಯಿಯಲ್ಲಿ ಒಬ್ಬರು ಬ್ರಿಟಿಷ್ ಆಗಿದ್ದರೆ ಅವರ ಹೆಸರಲ್ಲಿ ತಗೋಬಹುದು. ನಿಮ್ಮಿಬ್ಬರಿಗೂ ವೀಸಾ.

ಇನ್ನೊಂದು ವಿಷಯ. ಇಲ್ಲೇ ಹುಟ್ಟಿದ ಮಾತ್ರಕ್ಕೆ ಮಗು ಬ್ರಿಟಿಷ್ ಆಗಲ್ಲ. ಇಂಡಿಯನ್ ಪಾಸ್‌ಪೋರ್ಟ್ ಮಾಡಿಸಬೇಕು. ಊರಿಗೆ ಹೋಗೋ ಮುಂಚೆ ಅದಕ್ಕೂ ಡಿಪೆಂಡೆಂಟ್ ವೀಸಾ ಮಾಡಿಸಿಬಿಡು. ನಾಮಕರಣಕ್ಕೆ ಅಂತ ಸುಮ್ನೆ ಹೊರಟುಬಿಟ್ಟರೆ ವಾಪಸ್ ಬರೋವಾಗ ಪರದಾಟ. ಮಗುವಿಗೂ ಸರ್‌ಚಾರ್ಜ್ ಇದೆ, ವರ್ಷಕ್ಕೆ 776.

ನರ್ಸರಿಗೂ ಹೀಗೇ. ಇಂಗ್ಲೆಂಡಿನಲ್ಲಿ ಮೂರು ವರ್ಷ ತುಂಬಿದ ಮೇಲೆ ವಾರಕ್ಕೆ 15 ಗಂಟೆ ಎಲ್ಲ ಮಕ್ಕಳಿಗೂ ಉಚಿತ. ದುಡಿಯೋ ಅಪ್ಪ ಅಮ್ಮಂದಿರಿಗೆ ಅಂತ ಕೊಡೋ 30 ಗಂಟೆ ನಿಮಗೆ ಬರಲ್ಲ. ಇಬ್ಬರೂ ದುಡೀತಿದ್ದರೂ ಬರಲ್ಲ. ಇದು ನನಗೂ ಅನ್ಯಾಯ ಅನ್ಸುತ್ತೆ.

ನ್ಯಾಷನಲ್ ಇನ್ಶೂರೆನ್ಸ್ ಪೂರ್ತಿ ನೀರಲ್ಲಿ ಹೋಯ್ತು ಅಂದ್ಕೋಬೇಡ. 10 ವರ್ಷ ಕಟ್ಟಿದ್ದರೆ ಪೆನ್ಷನ್ ವಯಸ್ಸಿಗೆ ಅರಸೀಕೆರೆಯಲ್ಲಿದ್ದರೂ ಬರುತ್ತೆ. ಆದರೆ ಇಂಡಿಯಾದಲ್ಲಿ ಇರೋವರಿಗೆ ವರ್ಷ ವರ್ಷ ಏರಿಸಲ್ಲ, ಶುರುವಾದ ಮೊತ್ತದಲ್ಲೇ ನಿಂತುಬಿಡುತ್ತೆ.

ಅರಸೀಕೆರೆ_ತೆಂಗು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಕೊಟ್ಟು ಬಂದಳು. ಮ್ಯಾನೇಜರ್ ಅರ್ಧ ನಿಮಿಷ ನೋಡಿ, ಶುಭಾಶಯ ಹೇಳಿ ಫೈಲಿಗೆ ಹಾಕಿಕೊಂಡರಂತೆ. ವೀಸಾ ಮಾತೇ ಬರಲಿಲ್ಲ. ಆಸ್ಪತ್ರೆ ಚೀಲ ಬಂದರೆ ನಾನೇ ಬಿಚ್ಚುತ್ತೇನೆ ಅಂತ ಹೇಳಿಟ್ಟಿದ್ದೇನೆ.

ಬಾಣಂತನಕ್ಕೆ ಅತ್ತೆ ಬರ್ತಿದ್ದಾರೆ, ವಿಸಿಟರ್ ವೀಸಾ. ಅವರಿಗೆ ಟ್ರಾವೆಲ್ ಇನ್ಶೂರೆನ್ಸ್ ಯಾರ ಹತ್ತಿರ ಮಾಡಿಸಿದರೆ ಒಳ್ಳೇದು? ವಯಸ್ಸು 61, ಬಿಪಿ ಮಾತ್ರೆ ತಗೋತಾರೆ.